ಸತ್ಯಾಂಶ: ಪೈಥಾನ್ ಹಿಡಿದರೆ ಅರ್ಧ ಸಮಯದಲ್ಲಿ ಕೆಲಸ ಮುಗಿಯುತ್ತದಾ?
"ಜಾವಾ ಬಿಡಿ, ಪೈಥಾನ್ ಹಿಡಿಯಿರಿ, ಅರ್ಧ ಸಮಯ ಸಾಕು, ಸಾಬೀತಾಗಿದೆ" ಎಂಬ ಮಾತು ಆಗಾಗ ಫಾರ್ವರ್ಡ್ ಆಗುತ್ತದೆ. ಜಾವಾ, ಪೈಥಾನ್ ಎರಡೂ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆಗಳು. ಅಷ್ಟು ಸುಲಭವಾಗಿ ಸಾಬೀತಾಗಿಲ್ಲ.

2000ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಲುಟ್ಜ್ ಪ್ರೆಚೆಲ್ಟ್ ಒಂದು ಹೋಲಿಕೆ ಪ್ರಕಟಿಸಿದರು. ಫೋನ್ ನಂಬರನ್ನು ಪದಗಳಾಗಿಸುವ ಒಂದೇ ಕೆಲಸ, ಏಳು ಭಾಷೆ, 80 ಪ್ರೋಗ್ರಾಂ. ಪೈಥಾನ್, ಪರ್ಲ್‌ನಂಥ ಭಾಷೆಯವರಿಗೆ ಜಾವಾದಂಥ ಭಾಷೆಯವರ ಸುಮಾರು ಅರ್ಧ ಸಮಯ ಸಾಕಾಗಿತ್ತು, ನಿಜ. ಆದರೆ ಜಾವಾ ಬರೆದವರು ವಿದ್ಯಾರ್ಥಿಗಳು, ಅವರ ಸಮಯವನ್ನು ಪ್ರಯೋಗದಲ್ಲೇ ಅಳೆದಿದ್ದರು. ಪೈಥಾನ್‌ನವರು ಇಂಟರ್ನೆಟ್‌ನಲ್ಲಿ ಕರೆ ನೋಡಿ ತಾವಾಗಿಯೇ ಬಂದವರು. ಎಷ್ಟು ಹೊತ್ತು ಹಿಡಿಯಿತು ಅಂತ ಅವರೇ ಬರೆದು ಕಳಿಸಿದ್ದು. ಹೀಗಿದ್ದಾಗ ನೇರ ಹೋಲಿಕೆ ಕಷ್ಟ ಅಲ್ವಾ?

ಫಾರ್ವರ್ಡ್‌ನಲ್ಲಿ ಇರದ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ ಇನ್ನೊಂದಿದೆ. ಭಾಷೆ ಬದಲಾದಾಗ ಕಂಡದ್ದಕ್ಕಿಂತ, ಒಂದೇ ಭಾಷೆಯಲ್ಲಿ ಬರೆದ ಇಬ್ಬರ ನಡುವಿನ ವ್ಯತ್ಯಾಸವೇ ಸಾಮಾನ್ಯವಾಗಿ ಜಾಸ್ತಿ ಇತ್ತು. ಅದೂ ಒಬ್ಬರೇ ಕೂತು ಬರೆದ ಸಣ್ಣ ಪ್ರೋಗ್ರಾಂನಲ್ಲಿ. ವರ್ಷಗಟ್ಟಲೆ ಹಲವರು ತಿದ್ದುವ ಬ್ಯಾಂಕ್ ಸಾಫ್ಟ್‌ವೇರ್ ಬಗ್ಗೆ ಆ ಪ್ರಯೋಗ ಏನನ್ನೂ ಅಳೆದಿಲ್ಲ.