ಗೋಡೆಯ ಮೇಲಿನ ಒಂದೆಲಗ

ಆಸ್ಪತ್ರೆಯ ಗೋಡೆಗೆ ಔಷಧಿ ಗಿಡ ಬರೆಯುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ಗ್ಯಾಲರಿಗೆ ಬಂದವರು ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಟೋಕನ್ ಹಿಡಿದು ಕೂತವರಿಗೆ ಗಂಟೆಗಟ್ಟಲೆ ಅದೇ ಚಿತ್ರ. ಫೋನಿನ ಚಾರ್ಜೂ ಮುಗಿದಿದ್ದರೆ ಎಲೆಯ ನರ ಎಣಿಸಿಯಾರು. ಅವರಲ್ಲೊಬ್ಬ ಮಲೆನಾಡಿನ ಅಜ್ಜಿ ಇದ್ದರಂತೂ, 'ಇದ್ಯಾವ ಸೀಮೆ ತುಳಸಿ?' ತುಳಸಿಯ ಕಾಂಡ ಚೌಕ. ಎಲೆ ಎದುರುಬದುರು ಜೋಡಿ, ಒಂದು ಜೋಡಿಗೆ ಮುಂದಿನದು ಅಡ್ಡ. ಒಂದಾದ ಮೇಲೊಂದು ಎಲೆ ಅಂಟಿಸಿದರೆ ಅದು ದಾಸವಾಳದ ಕಡೆಗೆ ಹೊರಟಿತೆಂದೇ ಲೆಕ್ಕ.

ಹೆಚ್ಚು ಎಡವುವುದು ಒಂದೆಲಗದಲ್ಲಿ. ಸಂತೆಯ ಕಟ್ಟು ನೋಡಿ ಬರೆದರೆ ತೊಟ್ಟುಗಳೆಲ್ಲ ಒಂದೇ ಕಡೆ ಕೂಡಿ ಹೂಗುಚ್ಛವಾಗುತ್ತದೆ. ಅದು ನೆಲದ ಮೇಲೆ ಹರಿಯುವ ಗಿಡ. ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ಅಲ್ಲಿಂದ ತೊಟ್ಟು ಎತ್ತುತ್ತದೆ. ಮಣ್ಣಿನ ಹೆಂಟೆ ಸಮೇತ ಕಿತ್ತು ತಟ್ಟೆಯಲ್ಲಿಟ್ಟರೆ ಬಾಡದೆ ನಿಲ್ಲುತ್ತದೆ. ಮೂತ್ರಪಿಂಡದಾಕಾರದ ಎಲೆ, ತೊಟ್ಟು ಸೇರುವಲ್ಲಿ ಸೀಳು, ಅಂಚಿಗೆ ದುಂಡು ಹಲ್ಲು. ಅಡಿಯಲ್ಲಿ 'ಬ್ರಾಹ್ಮಿ' ಎಂದಷ್ಟೇ ಬರೆದರೆ ಜಗಳ ಖಚಿತ. ಕೆಲವರಿಗೆ ಅದು ಒಂದೆಲಗ, ಕೆಲವರಿಗೆ ದಪ್ಪ ಪುಟ್ಟ ಎಲೆಯ ನೀರುಬ್ರಾಹ್ಮಿ. ಶಾಸ್ತ್ರೀಯ ಹೆಸರೂ ಇರಲಿ. ಒಂದೆಲಗವಾದರೆ ಸೆಂಟೆಲ್ಲಾ ಏಷ್ಯಾಟಿಕಾ, ನೀರುಬ್ರಾಹ್ಮಿಯಾದರೆ ಬಕೋಪಾ ಮೊನ್ನಿಯೇರಿ. 'ಇದು ಇಂಥ ರೋಗಕ್ಕೆ' ಎಂಬ ಸಾಲು ಮಾತ್ರ ಬೇಡ. ಡಾಕ್ಟರ ಬಾಗಿಲಲ್ಲೇ ಇನ್ನೊಂದು ಚೀಟಿ ಬರೆದಂತಾಗುತ್ತದೆ.

ಕ್ಯಾನ್ಸರ್ ವಾರ್ಡಿಗೆ ಕಾಶಿಕಣಗಿಲೆ ಒಪ್ಪುತ್ತದೆ. ಹೆಸರು ಕಾಶಿ, ತವರು ಮಡಗಾಸ್ಕರ್. ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಸಿಕ್ಕಿದ್ದು ಈ ಗಿಡದಿಂದಲೇ. ಐದು ದಳಗಳೂ ಗಾಳಿಗಿರಗಟ್ಟೆಯಂತೆ ಒಂದೇ ಕಡೆಗೆ ವಾಲಿರಬೇಕು.

ಕಾಗದ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ನುಣುಪಾದ ಹತ್ತಿಯದು. ಟ್ಯೂಬಿನ ಹಸಿರನ್ನು ಹಾಗೇ ಬಳಿದರೆ ಎಲೆ ಪ್ಲಾಸ್ಟಿಕ್ಕಾಗುತ್ತದೆ. ನೀಲಿ, ಹಳದಿ ಕಲಸಿ ಚಿಟಿಕೆ ಕೆಂಪು ಬೆರೆಸಬೇಕು. ಫ್ರೇಮಿಗೆ ಗಾಜಿನ ಬದಲು ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿದರೆ ಬಿದ್ದರೂ ಚೂರಾಗಿ ಚೆಲ್ಲುವುದಿಲ್ಲ, ಆದರೆ ಸ್ಪಿರಿಟ್ಟಿನಿಂದ ಒರೆಸಿದರೆ ಮೈತುಂಬ ಕೂದಲೆಳೆಯ ಬಿರುಕು. ಫ್ರೇಮಿಗೇ ಸ್ಪ್ರೇ ಹೊಡೆದರಂತೂ ದ್ರವ ಕೆಳಗಿನ ಅಂಚಿನಿಂದ ಒಳಗೆ ಹತ್ತಿ ಕಾಗದ ಉಬ್ಬುತ್ತದೆ. ಬಟ್ಟೆ ಒದ್ದೆ ಮಾಡಿ ಒರೆಸಿರೆಂದು ಕ್ಲೀನಿಂಗಿನವರಿಗೆ ಮೊದಲೇ ಹೇಳಿಡಬೇಕು.

ಇನ್ನು ಎತ್ತರ. ಮೊಳೆ ಹೊಡೆಯುವವರು ನಿಂತು ಅಳೆಯುತ್ತಾರೆ, ನೋಡುವವರು ಕೂತಿರುತ್ತಾರೆ. ಕಾಯುವ ಕೋಣೆಯಲ್ಲಿ ಚಿತ್ರದ ನಡುಭಾಗ ನೆಲದಿಂದ ನಾಲ್ಕಡಿಗಿದ್ದರೆ ಸಾಕು. ವಾರ್ಡಿನಲ್ಲಿ ಮಂಚದ ತಲೆದೆಸೆಯ ಗೋಡೆಗೆ ಹಾಕಿದ ಚಿತ್ರ ರೋಗಿಯನ್ನು ನೋಡಲು ಬಂದ ನೆಂಟರಿಗೆ. ಮಲಗಿದವರ ಪಾಲಿಗೆ ಫ್ಯಾನು.