ಹಂಚು ಇಳಿಸಿ ಸ್ಲ್ಯಾಬ್ ಹಾಕುವ ಮೊದಲು

ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆ ಅಂದರೆ ನಮ್ಮ ಕಡೆ ಕಿಟೆಲ್, 1894ರ ನಿಘಂಟು, ಧಾರವಾಡದ ಹೈಸ್ಕೂಲು, ಅಲ್ಲಿಗೆ ಮಾತು ಮುಗೀತು. ಅವರ ಕಾಲದ ಹಳ್ಳಿ ಚರ್ಚುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನೋಡಿದವರೂ 'ಇದೇನ್ರೀ, ಕನ್ನಡ ಸಾಲಿ ಇದ್ದಂಗ ಐತಿ' ಅಂತಾರೆ. ಹೌದು, ಹಾಗೇ ಇದೆ, ಹಾಗಿರಲಿ ಅಂತಲೇ ಕಟ್ಟಿದ್ದು.

ಈ ಮಿಶನ್ ಶುರುವಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಜರ್ಮನಿಯ ಲೂಥರನ್ನರ ಜೊತೆ ಸ್ವಿಸ್ ರಿಫಾರ್ಮ್ಡ್ ಪಂಥದವರೂ ಇದ್ದರು, ಇಬ್ಬರೂ ಪ್ರೊಟೆಸ್ಟಂಟರೇ. ರಿಫಾರ್ಮ್ಡ್ ಪಂಥದವರ ಮಾತು ಇಷ್ಟೇ: ಮೂರ್ತಿ ಬೇಡ, ಆಡಂಬರ ಬೇಡ, ಬೈಬಲ್ಲಿನ ಮಾತು ಎಲ್ಲರಿಗೂ ಕೇಳಿಸಿದರೆ ಸಾಕು. ಅದಕ್ಕೇ ಉದ್ದನೆಯ ಒಂದು ಹಾಲು, ದಪ್ಪ ಗೋಡೆ, ದೊಡ್ಡ ಕಿಟಕಿ, ಎತ್ತರದ ಇಳಿಜಾರು ಸೂರು. ಧಾರವಾಡಕ್ಕೆ 1837ರಲ್ಲಿ ಬಂದರು, ಹುಬ್ಬಳ್ಳಿಗೆ 1839ರಲ್ಲಿ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿ ಮತ್ತು ಮಲ್ಲಸಮುದ್ರ. ಮಲ್ಲಸಮುದ್ರದಲ್ಲಂತೂ ಒಕ್ಕಲುತನದ ವಸಾಹತನ್ನೇ ಮಾಡಲು ಹೊರಟಿದ್ದರು!

ಹಂಚಿನದು ಆಮೇಲಿನ ಕಥೆ. ಮಂಗಳೂರಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮಣ್ಣಿನ ಮಾಳಿಗೆ ಮನೆಗಳ ನಮ್ಮ ಬಯಲುಸೀಮೆಗೆ ಕರಾವಳಿಯ ಮಳೆಗೆ ಹುಟ್ಟಿದ ಹಂಚು ಯಾಕೆ ಬೇಕು ಅಂತ ನಗಬಹುದು. ಆದರೆ ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಅದರ ಕೆಳಗೆ ಕೂತು ನೋಡಿ. ಬಿಸಿಗಾಳಿ ಮೇಲೇರಿ ಸಂದಿಯಲ್ಲಿ ಹೊರಗೆ ಹೋಗುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮ ತಾಲೂಕಿನ ಒಂದು ಹಳೇ ಚರ್ಚಿನಲ್ಲಿ ಕೋತಿ ಕಾಟ, ಸೋರಿಕೆ ಅಂತ ಹಂಚು ಇಳಿಸಿ ಆರ್‌ಸಿಸಿ ಸ್ಲ್ಯಾಬ್ ಹಾಕಿದರು, ನೆಲಕ್ಕೆ ಹೊಳೆಯುವ ಟೈಲ್ಸ್, ಕಲ್ಲಿನ ಗೋಡೆಗೆ ಸಿಮೆಂಟ್ ಗಿಲಾವು. ಈಗ ಒಳಗೆ ಕುದಿಯುತ್ತದೆ. ಮೈಕ್ ಹಾಕಿದರೆ ಪಾಸ್ಟರ್ ಹೇಳಿದ್ದು ಎರಡೆರಡು ಸಲ ಕೇಳಿಸುತ್ತದೆ, ಅರ್ಥ ಮಾತ್ರ ಒಂದು ಸಲವೂ ಆಗುವುದಿಲ್ಲ. ಮಾತು ಕೇಳಿಸಲಿ ಅಂತ ಕಟ್ಟಿದ ಜಾಗ ಅದು, ಅಲ್ವಾ?

ಸುಣ್ಣದ ಗಾರೆಯ ಗೋಡೆ ತೇವ ಹೀರಿ ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ಆ ತೇವ ಒಳಗೇ ಉಳಿದು ಗೋಡೆ ಉಬ್ಬುತ್ತದೆ. ಅಡಿಪಾಯ ಎರೆಮಣ್ಣಿನ ಮೇಲಿದ್ದರೆ ಇನ್ನೂ ಕಷ್ಟ. ಮಳೆಗೆ ಹಿಗ್ಗಿ, ಬೇಸಿಗೆಗೆ ಬಿರಿಯುವ ಆ ನೆಲದ ಮೇಲೆ ಸ್ಲ್ಯಾಬಿನ ಭಾರ ಬೇರೆ.

'ಪರದೇಶಿಯವರ ಕಟ್ಟಡ, ಹೋದರೆ ಹೋಗಲಿ' ಅನ್ನುವವರಿಗೆ ಒಂದೇ ಮಾತು. ಮಣ್ಣು ಈ ನಾಡಿನದು, ಗೌಂಡಿಗಳು ನಮ್ಮವರು, ಒಳಗೆ ಹಾಡುವುದು ಕನ್ನಡದಲ್ಲಿ.

ಚರ್ಚ್ ಕಮಿಟಿಯವರೇ, ಒಡೆದ ಹಂಚು ಬದಲಿಸಿ, ಗೆದ್ದಲು ತಿಂದ ತೊಲೆ ಬದಲಿಸಿ, ಬೇಕಿದ್ದರೆ ಕೋತಿಗೆ ಜಾಲರಿ ಹಾಕಿ. ಗಾರೆ ಕೆಲಸ ಬಲ್ಲವರು ಇಲ್ಲ ಅಂತ ಸುಮ್ನೆ ಹೇಳಬೇಡಿ. ಹಳೇ ವಾಡೆ ರಿಪೇರಿ ಮಾಡಿಸಿದವರನ್ನು ಒಮ್ಮೆ ವಿಚಾರಿಸಿ.