ಕಾರು ಮಾರಿ ಸೈಕಲ್ ಹಿಡಿದಿದ್ದು ಸರಿಯಾ? ಒಂದೇ ಮನೆಯ ಎರಡು ಉತ್ತರ

ಬೆಂಗಳೂರಿನ ಬನಶಂಕರಿಯಲ್ಲಿ ನಮ್ಮ ಮನೆ. ನಾವಿಬ್ಬರು, ಶಾಲೆಗೆ ಹೋಗುವ ಮಗಳು, ಎಪ್ಪತ್ತೆಂಟು ದಾಟಿದ ಹಿರಿಯರೊಬ್ಬರು. 2022ರಲ್ಲಿ, ಯುಗಾದಿ ಕಳೆದು ಒಂದು ವಾರಕ್ಕೆ, ಮನೆಯ ಕಾರು ಮಾರಿದೆವು. ಆಮೇಲೆ ಸೈಕಲ್ಲೇ ನಮ್ಮ ಗಾಡಿ. ಮಾರಿದ್ದು ಸರಿ ಅಂತ ಗಂಡ, ತಪ್ಪು ಅಂತ ಹೆಂಡತಿ. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ಓದಿದ್ದೇವೆ, ತಿದ್ದಿಲ್ಲ.

ಪರ

ಕಾರು ಹೋದ ದಿನ ಅಪ್ಪ ಗೇಟಿನ ತನಕ ಬಂದು ಅದರ ಬಾನೆಟ್ ಮೇಲೆ ಕೈಯಾಡಿಸಿದರು. ನನಗೂ ಗಂಟಲು ಕಟ್ಟಿತು. ಆರು ವರ್ಷ ಮನೆಯಲ್ಲಿದ್ದ ಗಾಡಿ. ತಿರುಪತಿಗೆ, ಶೃಂಗೇರಿಗೆ ಕರೆದುಕೊಂಡು ಹೋಗಿ ಬಂದಿತ್ತು. ಆದರೂ ಮಾರೋಣ ಅಂದವನು ನಾನೇ. ಇವತ್ತಿಗೂ ಅದೇ ಮಾತು ಹೇಳುತ್ತೇನೆ.

ಮಾರುವ ಮುಂಚೆ ಎರಡು ತಿಂಗಳು ಕಾರಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದೆ. ಹತ್ತಿದಾಗಲೆಲ್ಲ ಎಲ್ಲಿಗೆ, ಎಷ್ಟು ದೂರ, ಎಷ್ಟು ಜನ ಅಂತ ಗೀಚಿದೆ. ಶಾಂತಿನಗರದ ಆಫೀಸಿಗೆ 7 ಕಿ.ಮೀ., ಒಬ್ಬನೇ. ಗಾಂಧಿ ಬಜಾರಿಗೆ 3 ಕಿ.ಮೀ., ಒಬ್ಬನೇ. ಮಗಳ ಸಂಗೀತದ ಕ್ಲಾಸಿಗೆ ಒಂದೂವರೆ, ಇಬ್ಬರು. ಕೊತ್ತಂಬರಿ ಸೊಪ್ಪು ತರಲು ಅರ್ಧ ಕಿ.ಮೀ. ಕಾರು ತೆಗೆದ ದಿನವೂ ಅದರಲ್ಲಿದೆ. ಎರಡು ತಿಂಗಳಲ್ಲಿ 10 ಕಿ.ಮೀ. ದಾಟಿದ ಓಡಾಟ ನಾಲ್ಕೇ ನಾಲ್ಕು. ಒಂದು ಟನ್ ತೂಕದ ಗಾಡಿ, ಒಬ್ಬ ಮನುಷ್ಯ, ಒಂದು ಊಟದ ಡಬ್ಬಿ. ಅದನ್ನು ನೋಡಿದ ಮೇಲೆ ಮನಸ್ಸು ಒಪ್ಪಲಿಲ್ಲ.

ಕಾರು ಇದ್ದರೆ ಇರಲಿ, ಬೇಕಾದಾಗ ಮಾತ್ರ ತೆಗೆಯೋಣ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಆಗಲಿಲ್ಲ. ಕೀಲಿ ಗೋಡೆಯ ಮೊಳೆಗೆ ನೇತಾಡುತ್ತಿದ್ದರೆ ಕೈ ಅದರ ಕಡೆಗೇ ಹೋಗುತ್ತದೆ. ಇನ್ಶೂರೆನ್ಸ್ ಕಟ್ಟಿದ್ದೇನೆ, ಸರ್ವೀಸ್ ಮಾಡಿಸಿದ್ದೇನೆ, ಸುಮ್ನೆ ಯಾಕೆ ನಿಲ್ಲಿಸಬೇಕು ಅನ್ನಿಸುತ್ತದೆ. ಕರ್ನಾಟಕದಲ್ಲಿ ಕಾರಿನ ಬೆಲೆ ನೋಡಿಕೊಂಡು ನೂರಕ್ಕೆ 13ರಿಂದ 18ರ ತನಕ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ನಮ್ಮ ಆರು ಲಕ್ಷದ ಕಾರಿಗೆ ನೂರಕ್ಕೆ 14ರಂತೆ 84,000 ರೂಪಾಯಿ, ಚಕ್ರ ಒಂದು ಸುತ್ತು ಉರುಳುವ ಮೊದಲೇ ಹೋಯಿತು. ಅಷ್ಟು ಸುರಿದ ಮೇಲೆ ಗಾಡಿಯನ್ನು ಮೂಲೆಯಲ್ಲಿಡಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಅದಕ್ಕೇ ಪೂರ್ತಿ ಬಿಡಬೇಕು ಅಂತ ನಾನು ಹೇಳೋದು. ಅರ್ಧ ಬಿಟ್ಟರೆ ಬಿಟ್ಟ ಹಾಗೆ ಆಗುವುದಿಲ್ಲ.

ಸಮಯದ ಮಾತು ಎಲ್ಲರೂ ಎತ್ತುತ್ತಾರೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ, ಬೆಂಗಳೂರಿನ ನಡುಭಾಗದಲ್ಲಿ ಕಾರು 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಅದಕ್ಕಿಂತ ನಿಧಾನ ಅಂದರೆ ಲಂಡನ್ ಮಾತ್ರ. ಅಂದರೆ ಗಂಟೆಗೆ 20 ಕಿ.ಮೀ. ಚಿಲ್ಲರೆ. ನನ್ನ ಸೈಕಲ್ 15 ಹೋಗುತ್ತದೆ. ಆಫೀಸಿಗೆ 28 ನಿಮಿಷ. ಕಾರಿಗಿಂತ ಏಳೆಂಟು ನಿಮಿಷ ಜಾಸ್ತಿ, ನಿಜ. ಆದರೆ ಪಾರ್ಕಿಂಗ್ ಹುಡುಕಿಕೊಂಡು ಎರಡು ಸುತ್ತು ಹೊಡೆದರೆ ಆ ಏಳೆಂಟು ನಿಮಿಷ ಅಲ್ಲೇ ಮುಗಿಯಿತು. ಇನ್ನೊಂದು, ಸೈಕಲ್‌ನ 28 ನಿಮಿಷ ಸೋಮವಾರವೂ 28. ಮಳೆ ಬಂದ ಶುಕ್ರವಾರದ ಸಂಜೆ ಹೆಚ್ಚೆಂದರೆ 35. ಮನೆಗೆ ಎಷ್ಟೊತ್ತಿಗೆ ಬರುತ್ತೇನೆ ಅಂತ ಮಗಳಿಗೆ ಹೇಳಿದರೆ ಅಷ್ಟೊತ್ತಿಗೆ ಬರುತ್ತೇನೆ. ಕಾರು ಇದ್ದಾಗ ಈ ಮಾತು ಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಮೈಗೆ ಒಳ್ಳೆಯದು ಅನ್ನೋದನ್ನು ಉದ್ದ ಎಳೆಯುವುದಿಲ್ಲ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಳಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಫೀಸಿಗೆ ಹೋಗಿ ಬರೋದರಲ್ಲೇ ನನಗೆ 280 ನಿಮಿಷ ಆಗುತ್ತದೆ.

ಸೈಕಲ್‌ನಿಂದ ನನಗೆ ನನ್ನ ಬೀದಿ ಸಿಕ್ಕಿತು. ಅದನ್ನು ಹೇಳಲೇಬೇಕು. ಬೀದಿಯ ಕೊನೆಯಲ್ಲಿ ಹೊಂಗೆ ಮರದ ಕೆಳಗೆ ಒಂದು ಪಂಕ್ಚರ್ ಅಂಗಡಿ ಇದೆ. ಆರು ವರ್ಷ ಅದರ ಮುಂದೆ ಗಾಜು ಏರಿಸಿಕೊಂಡು ಹೋಗಿದ್ದೆ. ಈಗ ಅಲ್ಲಿ ಸ್ಟೂಲ್ ಮೇಲೆ ಕೂತು ನೋಡುತ್ತೇನೆ. ಅಂಗಡಿಯವರು ಟೈರಿನ ಅಂಚಿಗೆ ಲಿವರ್ ಕೊಟ್ಟು ಎತ್ತಿ, ಟ್ಯೂಬನ್ನು ಹೊರಗೆಳೆದು ಗಾಳಿ ಹೊಡೆಯುತ್ತಾರೆ. ಕಪ್ಪಗಾದ ನೀರಿನ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ ತಿರುಗಿಸುತ್ತಾರೆ. ಒಂದು ಕಡೆ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಅಲ್ಲಿ ಬೆರಳಿಟ್ಟು, ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚುತ್ತಾರೆ. ಹಚ್ಚಿದ ತಕ್ಷಣ ಪ್ಯಾಚ್ ಅಂಟಿಸಬಾರದು. ಊದಿ ಊದಿ, ಬೆರಳಿಗೆ ಮೆತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಕೊನೆಗೆ ಟೈರಿನ ಒಳಗೆಲ್ಲ ಬೆರಳಾಡಿಸಿ ಮುಳ್ಳು ಹುಡುಕುತ್ತಾರೆ. ಅದನ್ನು ತೆಗೆಯದೆ ಟ್ಯೂಬ್ ಹಾಕಿದರೆ ನಾಳೆ ಮತ್ತೆ ಪಂಕ್ಚರ್. ಈಗ ಈ ಕೆಲಸ ನನಗೂ ಬರುತ್ತದೆ. ಕಾರಿನ ಬಾನೆಟ್ ಕೆಳಗೆ ಏನಾಗುತ್ತಿತ್ತು ಅಂತ ಆರು ವರ್ಷವಾದರೂ ನನಗೆ ಗೊತ್ತಾಗಿರಲಿಲ್ಲ.

ಬೆಂಗಳೂರು ಏರು ತಗ್ಗಿನ ಊರು, ಬೆವರು ಹರಿಯುತ್ತೆ ಅಂತಾರೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರು ಕೂಡ ಅದೇ ಅಲ್ವಾ? ಬೆಳಿಗ್ಗೆ ಎಂಟಕ್ಕೆ ಇಲ್ಲಿರುವ ತಂಪು ಚೆನ್ನೈನವರಿಗೆ ಎಲ್ಲಿದೆ? ಏರು ಬರುವ ಮುಂಚೆಯೇ ಹಗುರ ಗೇರಿಗೆ ಬಂದು, ಸೀಟಿನಿಂದ ಏಳದೆ ನಿಧಾನಕ್ಕೆ ತುಳಿದರೆ ಆಯಿತು. ಆಫೀಸಿನಲ್ಲಿ ಒಂದು ಅಂಗಿ, ಒಂದು ಟವೆಲ್ ಇಟ್ಟಿದ್ದೇನೆ.

ಅಪ್ಪ ಮೂವತ್ತು ವರ್ಷ ಕಾರ್ಖಾನೆಗೆ ಸೈಕಲ್‌ನಲ್ಲೇ ಹೋದವರು. ಪಾಳಿ ಬಿಟ್ಟಾಗ ಗೇಟಿನಿಂದ ಸೈಕಲ್‌ಗಳ ಹೊಳೆಯೇ ಹರಿಯುತ್ತಿತ್ತು ಅನ್ನುತ್ತಾರೆ. ಆಗ ಸೈಕಲ್‌ಗೆ ಲೈಸೆನ್ಸ್ ಬಿಲ್ಲೆ ಬೇಕಿತ್ತು, ರಾತ್ರಿ ಲೈಟ್ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರು. ರಸ್ತೆಯ ಲೆಕ್ಕದಲ್ಲಿ ಸೈಕಲ್ ಕೂಡ ಒಂದು ಗಾಡಿಯಾಗಿತ್ತು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಅನ್ನೋ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ 450 ಸೈಕಲ್, 48 ನಿಲ್ದಾಣ ಇಟ್ಟುಕೊಂಡು ಊರು ಮತ್ತೆ ಸೈಕಲ್ಲಿಗೆ ಜಾಗ ಕೊಟ್ಟಿತು. ತುಳಿಯುವವರು ರಸ್ತೆಯಲ್ಲಿ ಕಂಡರೆ ತಾನೆ ಜಾಗ ಕೇಳಲು ಆಗೋದು? ಎಲ್ಲ ಸರಿಹೋದ ಮೇಲೆ ಇಳಿಯುತ್ತೇನೆ ಅಂತ ಕೂತರೆ ಆ ದಿನ ಬರುವುದಿಲ್ಲ.

ಜುಲೈನ ಆ ರಾತ್ರಿಯ ವಿಷಯ ಅವಳು ಬರೆದೇ ಬರೆಯುತ್ತಾಳೆ. ಬರೆಯಲಿ, ಅವತ್ತು ನನಗೂ ಕೈಕಾಲು ನಡುಗಿತ್ತು. ಆದರೆ ಕಾರು ಮಾರಿದ ಮೇಲೆ ಅಂಥ ರಾತ್ರಿ ಬಂದಿದ್ದು ಎರಡು ಸಲ. ಎರಡು ರಾತ್ರಿಗೋಸ್ಕರ ವರ್ಷವಿಡೀ ಒಂದು ಕಾರನ್ನು ಸಾಕಬೇಕು ಅನ್ನೋದನ್ನು ನಾನು ಈಗಲೂ ಒಪ್ಪುವುದಿಲ್ಲ. ಉಳಿದ ದುಡ್ಡಿನಲ್ಲಿ ಬೇಕಾದಷ್ಟು ಸಲ ಟ್ಯಾಕ್ಸಿ ಮಾಡಬಹುದು. ಊರಿಗೆ ರೈಲಿದೆ. ದೂರಕ್ಕೆ ಮೆಟ್ರೊ ಇದೆ, ಮಡಚುವ ಸೈಕಲ್ ಇದ್ದರೆ ಅದನ್ನೂ ಒಳಗೆ ಒಯ್ಯಬಹುದು. ಮೊನ್ನೆ ಜಯನಗರದಲ್ಲಿ ಸಿಗ್ನಲ್‌ಗೆ ನಿಂತಿದ್ದಾಗ ಎಲ್ಲಿಂದಲೋ ಸಂಪಿಗೆಯ ವಾಸನೆ ಬಂತು. ಹಿಂದೆ ಕೂತಿದ್ದ ಮಗಳೇ ಮರ ಹುಡುಕಿ ತೋರಿಸಿದಳು. ಆ ಸಿಗ್ನಲ್‌ನಲ್ಲಿ ಆರು ವರ್ಷ ನಿಂತಿದ್ದೇನೆ, ಮರ ಕಂಡಿದ್ದು ಅವತ್ತೇ.

ವಿರೋಧ

ಮೇಲಿನ ಬರಹದಲ್ಲಿ ಸುಳ್ಳಿಲ್ಲ. ಆ ನೋಟ್‌ಬುಕ್ ನಾನೂ ನೋಡಿದ್ದೇನೆ. ಆದರೆ ಅದರಲ್ಲಿರುವುದು ಕಾರು ತೆಗೆದ ದಿನಗಳ ಲೆಕ್ಕ. ಕಾರು ಇದೆ ಅನ್ನೋ ಧೈರ್ಯದಲ್ಲಿ ಮಲಗಿದ ರಾತ್ರಿಗಳು ಅದರಲ್ಲಿಲ್ಲ.

ಆ ರಾತ್ರಿ ಎರಡು ಗಂಟೆಗೆ ಮಾವನವರು ಉಸಿರು ಎಳೆಯಲಾಗದೆ ಎದ್ದು ಕೂತರು. ಹೊರಗೆ ಜೋರು ಮಳೆ. ಮೊಬೈಲ್‌ನಲ್ಲಿ ಒಂದು ಆ್ಯಪ್ ತೆಗೆದರೆ ಗಾಡಿ ಹುಡುಕುತ್ತಲೇ ಇದೆ. ಇನ್ನೊಂದರಲ್ಲಿ ಒಬ್ಬರು ಒಪ್ಪಿದರು, ನಾಲ್ಕು ನಿಮಿಷಕ್ಕೆ ಕ್ಯಾನ್ಸಲ್ ಮಾಡಿದರು. ಇವರು ಮೇನ್ ರೋಡಿಗೆ ಓಡಿದರು, ಆಟೊ ಸಿಗಲಿಲ್ಲ. ಕೊನೆಗೆ ನಾನು ಪಕ್ಕದ ಮನೆಯ ಬೆಲ್ ಒತ್ತಿದೆ. ಅವರು ಬನಿಯನ್‌ನಲ್ಲೇ ಬಂದು ಕಾರು ತೆಗೆದರು. ಮಾವನವರು ಚೇತರಿಸಿಕೊಂಡರು. ಆ ಉಪಕಾರ ನಾನು ಸಾಯೋ ತನಕ ಮರೆಯುವುದಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ನಾವು ಕಾರು ಬಿಟ್ಟೆವು ಅಂತ ಹೇಳಿಕೊಳ್ಳುತ್ತೇವಲ್ಲ, ನಿಜವಾಗಿ ಬಿಟ್ಟಿದ್ದೇವಾ? ಪಕ್ಕದವರು ಇಟ್ಟುಕೊಂಡಿದ್ದಾರೆ ಅಂತ ತಾನೆ ನಮ್ಮದು ನಡೆದಿದ್ದು? ಎರಡೇ ರಾತ್ರಿ ಅಂತ ಎಣಿಸಿದರೆ ಎರಡೇ. ಆ ಎರಡರಲ್ಲಿ ಒಂದು ತಪ್ಪಿದ್ದರೂ ಈ ಬರಹ ಇರುತ್ತಿರಲಿಲ್ಲ.

ನನಗೆ ಸೈಕಲ್ ಕಂಡರೆ ಆಗಲ್ಲ ಅಂತ ತಿಳಿಯಬೇಡಿ. ನಾನು ಮದ್ದೂರು ಕಡೆಯ ಹಳ್ಳಿಯವಳು. ಸೀಟಿಗೆ ಕಾಲು ಎಟುಕದಾಗ ಒಳಪೆಡಲ್ ಹೊಡೆದು ಕಲಿತವಳು. ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ನನ್ನ ಚಿಕ್ಕ ತಂಗಿಗೂ ಸಿಕ್ಕಿತ್ತು. ಆ ಸೈಕಲ್ ಬಂದ ಮೇಲೆ ಅವಳ ಹೈಸ್ಕೂಲು ಹತ್ತಿರವಾಯಿತು. ಬೆಳಿಗ್ಗೆ ಗದ್ದೆ ಬದಿಯ ರಸ್ತೆಯಲ್ಲಿ ಹುಡುಗಿಯರು ಸಾಲಾಗಿ ಬೆಲ್ ಹೊಡೆದುಕೊಂಡು ಹೋಗೋದನ್ನು ನೋಡಿ ನಮ್ಮಮ್ಮ ಬಾಗಿಲಲ್ಲಿ ನಿಂತು ಅತ್ತಿದ್ದಾರೆ. ಅದೇ ಹುಡುಗಿಯರು ಈಗ ಎಲ್ಲಿದ್ದಾರೆ? ಮದುವೆಯಾಗಿ ಪೇಟೆಗೆ ಬಂದ ಮೇಲೆ ಒಬ್ಬಳೂ ಸೈಕಲ್ ಮುಟ್ಟಿಲ್ಲ. ಅವರಿಗೆ ಮನಸ್ಸಿಲ್ಲ ಅಂತ ಅಲ್ಲ. ಅವರ ದಿನ ಬೇರೆಯಾಯಿತು.

ಇವರ ದಾರಿ ನೇರ. ಮನೆ, ಆಫೀಸು, ಮನೆ. ನನ್ನದು ಹಾಗಲ್ಲ. ಮಗಳನ್ನು ಶಾಲೆಗೆ ಬಿಡಬೇಕು. ಅಲ್ಲಿಂದ ಮಾವನವರ ಮಾತ್ರೆ. ಅಲ್ಲಿಂದ ಜಯನಗರದ ನನ್ನ ಕೆಲಸ. ಸಂಜೆ ತರಕಾರಿ, ಹಿಟ್ಟಿನ ಗಿರಣಿ, ಟೈಲರ್, ಮತ್ತೆ ಸಂಗೀತದ ಕ್ಲಾಸು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಮಗು, ಹ್ಯಾಂಡಲ್‌ಗೆ ಎರಡು ಚೀಲ. ಕಾರಿದ್ದಾಗ ಈ ಕೆಲಸಗಳಲ್ಲಿ ಅರ್ಧ ಶನಿವಾರ ಒಂದೇ ಸುತ್ತಿನಲ್ಲಿ ಮುಗಿಯುತ್ತಿತ್ತು. ಕಾರು ಹೋದ ಮೇಲೆ ಅವು ಸಣ್ಣ ಸಣ್ಣ ತುಂಡಾಗಿ ನನ್ನ ವಾರದ ತುಂಬ ಹರಡಿಕೊಂಡವು. ಯಾರೂ ಬೇಕಂತ ಮಾಡಿದ್ದಲ್ಲ. ಮನೆಯಲ್ಲಿ ಒಬ್ಬರು ಒಂದು ವಸ್ತು ಬಿಟ್ಟರೆ ಅದರ ಭಾರ ಯಾರ ಹೆಗಲಿಗೆ ಬರುತ್ತದೆ ಅಂತ ಮೊದಲೇ ಕೇಳಬೇಕಿತ್ತು. ನಾವು ಕೇಳಲಿಲ್ಲ.

ಮರುವರ್ಷದ ಜೂನ್‌ನಲ್ಲಿ ನಾನು ಬಿದ್ದೆ. ಮಳೆ ನಿಂತು ಅರ್ಧ ಗಂಟೆಯಾಗಿತ್ತು. ರಸ್ತೆ ಪೂರ್ತಿ ಒಂದೇ ಬಣ್ಣದ ನೀರು. ಅದರಡಿ ಗುಂಡಿ ಇದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಮುಂದಿನ ಚಕ್ರ ಇಳಿಯಿತು, ನಾನು ಎಡಗೈ ಊರಿಕೊಂಡು ಬಿದ್ದೆ. ಹಿಂದೆ ಬರುತ್ತಿದ್ದ ಟೆಂಪೊದ ಡ್ರೈವರ್ ಬ್ರೇಕ್ ಒತ್ತಿದ್ದಕ್ಕೆ ಇವತ್ತು ಬರೆಯುತ್ತಿದ್ದೇನೆ. ಗಾಡಿಯ ಬಂಪರ್ ನನ್ನ ಚಪ್ಪಲಿಯ ಮೇಲೆ ನಿಂತಿತ್ತು. ಮಗಳು ಅವತ್ತು ಹಿಂದೆ ಇರಲಿಲ್ಲ. ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಆ ಆರು ವಾರ ಅಡುಗೆ ಪೂರ್ತಿ ಇವರೇ ಮಾಡಿದರು, ಅದನ್ನೂ ಹೇಳಬೇಕು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದು ಸರ್ಕಾರದ್ದೇ ಲೆಕ್ಕ. ಅದರಲ್ಲಿ 32,825 ಜನ ಸುಮ್ನೆ ನಡೆದು ಹೋಗುತ್ತಿದ್ದವರು. ಕಾಲಲ್ಲಿ ನಡೆಯುವವರಿಗೇ ರಸ್ತೆ ಹೀಗಿದ್ದರೆ ಸೈಕಲ್‌ನವರನ್ನು ಯಾರು ಕಾಯುತ್ತಾರೆ? ಜಯನಗರದಲ್ಲಿ ಸೈಕಲ್‌ಗೆ ಅಂತ ಪಥ ಮಾಡಿದರು, ಅದರ ಮೇಲೆ ಕಾರುಗಳು ಬಂದು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಬೇರೆ ಮಾಡಿದರು. ಅದರೊಳಗೆ ಬೈಕುಗಳು ನುಗ್ಗಿದವು, ಆಮೇಲೆ ಪಥವೂ ಉಳಿಯಲಿಲ್ಲ. ತುಳಿಯುವವರು ಕಂಡರೆ ಜಾಗ ಸಿಗುತ್ತದೆ ಅನ್ನುತ್ತಾರೆ ಇವರು. ಹಾಗಾದರೆ ಎಳನೀರು ಗೊನೆ ಕಟ್ಟಿಕೊಂಡು ಬೆಳಗಿನ ಜಾವ ಬರುವವರು, ರಾತ್ರಿ ಪಾಳಿ ಮುಗಿಸಿ ಹೋಗುವ ಸೆಕ್ಯುರಿಟಿಯವರು, ಸೊಪ್ಪು ಮಾರುವವರು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ವಾ? ಅವರಿಗಾಗಿ ರಸ್ತೆ ಅಂಚಿನಲ್ಲಿ ಒಂದು ಅಡಿಯೂ ಸಿಗಲಿಲ್ಲ. ನಾವು ಕಾರು ಮಾರಿದ್ದರಿಂದ ಅವರ ದಾರಿ ಒಂದು ಗುಂಡಿಯಷ್ಟೂ ಸರಿಯಾಗಿಲ್ಲ. ಆ ಗುಂಡಿ ಮುಚ್ಚಿ, ಪಥ ಕಟ್ಟಿ, ಅದರ ಮೇಲೆ ಗಾಡಿ ನಿಲ್ಲಿಸಿದರೆ ದಂಡ ಹಾಕಿ. ಆಮೇಲೆ ನನ್ನನ್ನು ಕರೆಯಿರಿ, ಮೊದಲು ಬರುವವಳು ನಾನೇ.

ಹೆಂಗಸರ ಓಡಾಟ ನಿಜವಾಗಿ ಬದಲಾಗಿದ್ದು ಬಸ್ಸಿನಿಂದ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಗೆಲಸಕ್ಕೆ ಬರುವವರು ತಿಂಗಳಿಗೊಮ್ಮೆ ತವರಿಗೆ ಹೋಗಿ ಬರುತ್ತಾರೆ. ಮೊದಲು ವರ್ಷಕ್ಕೊಮ್ಮೆ. ನಾನೂ ಈಗ ಕೆಲಸಕ್ಕೆ ಬಸ್ಸಿನಲ್ಲೇ ಹೋಗುತ್ತೇನೆ. ಕಾರು ಕಡಿಮೆಯಾಗಬೇಕು ಅನ್ನುವವರು ನನ್ನಂಥವರಿಗೆ ಇನ್ನಷ್ಟು ಬಸ್ ಕೇಳಬೇಕು. ಕಾರಿನ ಬದಲು ಸೈಕಲ್ ಅಂತ ಒಂದೇ ಜಿಗಿತಕ್ಕೆ ಹೇಳೋದು ಗಟ್ಟಿ ಮೈಯವರ, ಹತ್ತಿರದಲ್ಲಿ ಆಫೀಸಿರುವವರ ಮಾತು. ನಮ್ಮ ಬೀದಿಯಿಂದ ವೈಟ್‌ಫೀಲ್ಡ್‌ಗೆ ಹೋಗುವವರಿದ್ದಾರೆ. ಅವರಿಗೆ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಬರುವ ನವೆಂಬರ್‌ನಲ್ಲಿ ಮಾವನವರಿಗೆ ಎರಡನೇ ಕಣ್ಣಿನ ಪೊರೆಯ ಆಪರೇಷನ್. ಮೊದಲನೆಯದಕ್ಕೆ ಹೋಗಿ ಬರಲು ಏಳು ಸಲ ಗಾಡಿ ಹುಡುಕಿದ್ದೇವೆ. ಅದಕ್ಕೆ ಮುಂಚೆ ಒಂದು ಚಿಕ್ಕ ಸೆಕೆಂಡ್‌ಹ್ಯಾಂಡ್ ಕಾರು ನೋಡೋಣ ಅಂತ ಹೇಳಿದ್ದೇನೆ. ಇವರು ಇನ್ನೂ ಹೂಂ ಅಂದಿಲ್ಲ. ಕೀಲಿ ಮೊಳೆಯಲ್ಲಿದ್ದರೆ ಕೈ ಹೋಗುತ್ತೆ ಅನ್ನೋದು ಇವರ ಹೆದರಿಕೆ ಆದರೆ, ಕೀಲಿ ನನ್ನ ಬೀರುವಿನಲ್ಲಿರಲಿ. ಕೊತ್ತಂಬರಿ ಸೊಪ್ಪಿಗೆ ನಾನು ಕೊಡುವುದಿಲ್ಲ.